ಚೌಕದ ನಕ್ಷೆ, ಉದ್ದದ ಊರು: ಮ್ಯಾನಿಟೋಬದ ಮೆನೊನೈಟ್ ರೈತರ ಮೊದಲ ದಿನಗಳು

ಕೆನಡಾದ ಮ್ಯಾನಿಟೋಬ ಪ್ರಾಂತ್ಯದ ದಕ್ಷಿಣ ಭಾಗವನ್ನು ಒಮ್ಮೆ ಸ್ಯಾಟಲೈಟ್ ಮ್ಯಾಪಿನಲ್ಲಿ ತೆಗೆದು ನೋಡಿ. ಚೌಕಾಬಾರದ ಮನೆ ಬರೆದ ಹಾಗೆ ಕಾಣುತ್ತದೆ. ಮೈಲಿಗೊಂದು ರಸ್ತೆ, ಒಂದೂ ಡೊಂಕಿಲ್ಲ. ಮನೆಗಳು ಒಂದಕ್ಕೊಂದು ಮಾತು ಬಿಟ್ಟವರ ಹಾಗೆ ದೂರ ದೂರ ನಿಂತಿವೆ. ಆದರೆ ಅಮೆರಿಕದ ಗಡಿಯ ಹತ್ತಿರ, ಆಲ್ಟೋನಾ, ವಿಂಕ್ಲರ್ ಎಂಬ ಪಟ್ಟಣಗಳ ಸುತ್ತ ಕಣ್ಣಾಡಿಸಿದರೆ ಬೇರೆಯದೇ ಒಂದು ಆಕಾರ ಸಿಗುತ್ತದೆ. ಒಂದೇ ಒಂದು ಉದ್ದ ಬೀದಿ, ಅದಕ್ಕೆ ಮುಖ ಮಾಡಿದ ಮನೆಗಳು, ಬೀದಿಯುದ್ದಕ್ಕೂ ಮರಗಳ ಸಾಲು. ಅಪ್ಪಟ ಹಳ್ಳಿ.

ನಮಗೆ ಇದರಲ್ಲಿ ವಿಶೇಷ ಏನೂ ಕಾಣದಿರಬಹುದು. ಊರು ಅಂದರೆ ಹೀಗೇ ಅಲ್ವಾ? ಆದರೆ ಅಲ್ಲಿ ಹಾಗಲ್ಲ. ಆ ಕಾಲದ ಕೆನಡಾದ ಭೂಮಿ ಕಾನೂನಿಗೆ ಹಳ್ಳಿ ಬೇಕಾಗಿರಲಿಲ್ಲ. ಒಬ್ಬ ರೈತ, ಅವನಿಗೆ 160 ಎಕರೆ, ಆ ನೆಲದ ಮೇಲೆಯೇ ಅವನ ಮನೆ. ಅಷ್ಟೇ. ಅಂಥ ಕಾನೂನಿನ ನಡುವೆ 1870ರ ದಶಕದಲ್ಲಿ ರಷ್ಯಾದಿಂದ ಬಂದ ಸುಮಾರು ಏಳು ಸಾವಿರ ಜನ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಕಟ್ಟಿಕೊಂಡರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪಹಣಿಯಲ್ಲಿ ಒಂದು ಲೆಕ್ಕ, ನೆಲದ ಮೇಲೆ ಇನ್ನೊಂದು ಲೆಕ್ಕ. ಆ ಎರಡು ಲೆಕ್ಕಗಳ ನಡುವಿನ ಜಗ್ಗಾಟವೇ ಈ ಜನರ ಮೊದಲ ಐವತ್ತು ವರ್ಷದ ಕಥೆ.

ಇವರು ಯಾರು?

ಮೆನೊನೈಟ್ ಅಂದ ತಕ್ಷಣ ಕುದುರೆ ಗಾಡಿ, ಕಪ್ಪು ಟೋಪಿ, ಕರೆಂಟು ಬೇಡ ಎನ್ನುವ ಜನ ನೆನಪಿಗೆ ಬಂದರೆ, ಅದು ಅಮಿಶ್ ಜನರ ಚಿತ್ರ. ಇಬ್ಬರಿಗೂ ನೆಂಟಸ್ತಿಕೆ ಇದೆ. 1693ರಲ್ಲಿ ಸ್ವಿಟ್ಜರ್ಲೆಂಡ್ ಕಡೆಯ ಗುಂಪು ಒಡೆದು ಅಮಿಶ್ ಪಂಥ ಹುಟ್ಟಿತು. ಮ್ಯಾನಿಟೋಬಕ್ಕೆ ಬಂದವರು ಡಚ್ ಕಡೆಯ ಗುಂಪು.

ಬೇರು ಇರುವುದು 1525ರ ಜ್ಯೂರಿಕ್‌ನಲ್ಲಿ. ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸಿದರೆ ಅರ್ಥವಿಲ್ಲ, ಬುದ್ಧಿ ಬಂದ ಮೇಲೆ ತಾನೇ ಒಪ್ಪಿ ತೆಗೆದುಕೊಳ್ಳಬೇಕು ಎಂದು ಕೆಲವರು ಹಟ ಹಿಡಿದರು. ಕೇಳಲು ಸಣ್ಣ ವಿಷಯ. ಆದರೆ ಆಗ ಹುಟ್ಟಿದ ಮಗು ಚರ್ಚಿಗೂ ಸೇರಿತು, ದೊರೆಯ ಪ್ರಜೆಯೂ ಆಯಿತು ಎಂದೇ ಲೆಕ್ಕ. ಅದನ್ನು ಬೇಡ ಅಂದರೆ ದೊರೆಯನ್ನೇ ಬೇಡ ಅಂದ ಹಾಗೆ. ಇದರ ಜೊತೆಗೆ ಇವರು ಕತ್ತಿ ಹಿಡಿಯಲ್ಲ, ಆಣೆ ಮಾಡಲ್ಲ ಎಂದರು. ಸಾವಿರಾರು ಜನರನ್ನು ಸುಟ್ಟರು, ಮುಳುಗಿಸಿದರು. 1536ರಲ್ಲಿ ಕ್ಯಾಥೊಲಿಕ್ ಪಾದ್ರಿ ಕೆಲಸ ಬಿಟ್ಟು ಈ ಗುಂಪಿಗೆ ಸೇರಿದ ಫ್ರೀಸ್‌ಲ್ಯಾಂಡಿನ ಮೆನೊ ಸೈಮನ್ಸ್ ಹೆಸರೇ ಕೊನೆಗೆ ಇವರಿಗೆ ಅಂಟಿತು.

ಓಡಿದವರಲ್ಲಿ ಬಹಳ ಜನ ಪೋಲೆಂಡಿನ ವಿಸ್ತುಲಾ ನದಿಯ ಮುಖಜ ಭೂಮಿಗೆ ಹೋದರು. ಅದು ಜೌಗು. ಡಚ್ಚರಿಗೆ ಜೌಗಿನ ನೀರು ಬಸಿದು ಹೊಲ ಮಾಡುವುದು ಮನೆ ಕೆಲಸದ ಹಾಗೆ. ಎರಡು ಶತಮಾನಕ್ಕಿಂತ ಜಾಸ್ತಿ ಅಲ್ಲಿ ಬಾಳಿದರು. ಡಚ್ ಮರೆತು ಪ್ಲೌಟ್‌ಡೀಚ್ ಎಂಬ ಅಲ್ಲಿನ ಜರ್ಮನ್ ಆಡುಮಾತು ಕಲಿತರು. ಇವತ್ತಿಗೂ ಮ್ಯಾನಿಟೋಬದ ಅಜ್ಜಿಯಂದಿರು ಆಡುವುದು ಅದೇ.

1772ರಲ್ಲಿ ಆ ಸೀಮೆಯ ಬಹುಭಾಗ ಪ್ರಷ್ಯಾದ ಕೈಗೆ ಹೋಯಿತು. ಪ್ರಷ್ಯಾದಲ್ಲಿ ಜಮೀನಿಗೂ ಸೈನಿಕ ಸೇವೆಗೂ ಗಂಟು ಹಾಕಿದ್ದರು. ಸೈನ್ಯಕ್ಕೆ ಬರದವನಿಗೆ ಹೊಸ ಹೊಲ ಕೊಳ್ಳುವುದು ಕಷ್ಟವಾಯಿತು. ಅದೇ ಹೊತ್ತಿಗೆ ರಷ್ಯಾದ ರಾಣಿ ಎರಡನೆಯ ಕ್ಯಾಥರೀನ್ ದಕ್ಷಿಣದ ಹುಲ್ಲುಗಾವಲಿಗೆ ರೈತರನ್ನು ಕರೆಯುತ್ತಿದ್ದಳು. 1789ರಲ್ಲಿ ದ್ನೀಪರ್ ನದಿಯ ದಡದಲ್ಲಿ ಖೋರ್ತಿತ್ಸಾ ಕಾಲೊನಿ, 1804ರಲ್ಲಿ ಮೊಲೊಚ್ನಾ ಕಾಲೊನಿ ಎದ್ದವು. ಎರಡೂ ಈಗಿನ ಉಕ್ರೇನಿನಲ್ಲಿವೆ. 1800ರಲ್ಲಿ ದೊರೆ ಪಾವೆಲ್ ಒಂದು ಸನ್ನದು ಬರೆದುಕೊಟ್ಟ. ನಿಮ್ಮ ಧರ್ಮ ನಿಮಗೆ, ಸೈನ್ಯಕ್ಕೆ ಎಂದೂ ಕರೆಯುವುದಿಲ್ಲ ಎಂದು. ಮೆನೊನೈಟರು ಅದನ್ನು ಪ್ರಿವಿಲೇಗಿಯುಮ್ ಎಂದು ಕರೆದು ದೇವರ ಪಟದಷ್ಟೇ ಜೋಪಾನ ಮಾಡಿದರು.

ಇವರ ಚರಿತ್ರೆಯಲ್ಲಿ ಇಂಥ ಕಾಗದ ಮತ್ತೆ ಮತ್ತೆ ಬರುತ್ತದೆ. ಮೊದಲು ಕಾಗದ, ಆಮೇಲೆ ನೇಗಿಲು. ಕಾಗದ ಹರಿದ ದಿನ ಗಂಟುಮೂಟೆ.

ಕಾಗದ ಹರಿಯಿತು

ಆ ಕಾಗದ 1871ರಲ್ಲಿ ಸಡಿಲವಾಯಿತು. ರಷ್ಯಾ ಸರ್ಕಾರ ವಿದೇಶಿ ವಲಸಿಗರ ವಿಶೇಷ ಹಕ್ಕುಗಳನ್ನು ತೆಗೆಯಲು ಶುರು ಮಾಡಿತು. 1874ರಲ್ಲಿ ಎಲ್ಲರಿಗೂ ಕಡ್ಡಾಯ ಸೈನಿಕ ಸೇವೆಯ ಕಾನೂನೇ ಬಂತು.

ಧರ್ಮ ಉಳಿಸಿಕೊಳ್ಳಲು ಊರು ಬಿಟ್ಟರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜ, ಆದರೆ ಪೂರ್ತಿ ನಿಜ ಅಲ್ಲ. ರಷ್ಯಾದಲ್ಲಿ ಒಂದು ಕುಟುಂಬಕ್ಕೆ 65 ದೆಸ್ಯಾತಿನ್, ಅಂದರೆ ಸುಮಾರು 175 ಎಕರೆ ಕೊಟ್ಟಿದ್ದರು. ಅದನ್ನು ಹಿಸ್ಸೆ ಮಾಡುವಂತಿರಲಿಲ್ಲ. ಒಬ್ಬ ಮಗನಿಗೆ ಹೊಲ, ಉಳಿದವರಿಗೆ ಕೈಕೆಲಸ ಇಲ್ಲವೇ ಕೂಲಿ. ಮನೆ ತುಂಬ ಮಕ್ಕಳಿದ್ದ ಜನ ಇವರು. 1860ರ ದಶಕದ ಹೊತ್ತಿಗೆ ಮೊಲೊಚ್ನಾದಲ್ಲಿ ಅರ್ಧಕ್ಕಿಂತ ಜಾಸ್ತಿ ಕುಟುಂಬಗಳಿಗೆ ಹೊಲವೇ ಇರಲಿಲ್ಲ. ಹೊಲ ಇದ್ದವರಿಗೆ ಮಾತ್ರ ಪಂಚಾಯಿತಿಯಲ್ಲಿ ಮತ. ಹೊಲ ಇದ್ದವರು, ಇಲ್ಲದವರು ಎಂದು ಒಂದೇ ಚರ್ಚಿನ ಜನ ಕಿತ್ತಾಡಿದ್ದರು. ಪುಕ್ಕಟೆ 160 ಎಕರೆ ಎಂಬ ಮಾತು ಯಾರ ಕಿವಿಗೆ ಇಂಪಾಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಒಳ್ಳೆಯ ರೈತರು ಕೈ ಬಿಟ್ಟು ಹೋಗುತ್ತಿದ್ದಾರೆ ಎಂದು ದೊರೆ ಜನರಲ್ ತೋತ್ಲೆಬೆನ್ ಎಂಬ ದೊಡ್ಡ ಅಧಿಕಾರಿಯನ್ನೇ 1874ರಲ್ಲಿ ಕಳಿಸಿದ. ಬಂದೂಕು ಬೇಡ, ಕಾಡು ಬೆಳೆಸುವ ಕೆಲಸ ಮಾಡಿ ಸಾಕು ಎಂಬ ದಾರಿ ತೆರೆಯಿತು. ಸುಮಾರು ಮೂರನೇ ಎರಡು ಭಾಗ ಜನ ಅಲ್ಲೇ ಉಳಿದರು. (ಹಾಗೆ ಅಲ್ಲೇ ಉಳಿದವರ ಪೈಕಿ ಅಬ್ರಹಾಂ ಫ್ರೀಸೆನ್ ಎಂಬಾತ 1889ರಲ್ಲಿ ಹೈದರಾಬಾದ್ ಸಂಸ್ಥಾನದ ನಲ್ಗೊಂಡದ ಕಡೆ ಮಿಷನರಿಯಾಗಿ ಬಂದ. ರಾಯಚೂರಿನ ಪಕ್ಕದ ಮೆಹಬೂಬ್‌ನಗರದಲ್ಲಿ ಇವತ್ತಿಗೂ ಮೆನೊನೈಟ್ ಚರ್ಚು ಇರುವುದು ಈ ಎಳೆಯಿಂದ.) ಮಿಕ್ಕ ಸುಮಾರು 18,000 ಜನ ಅಮೆರಿಕ ಖಂಡದ ಹಡಗು ಹತ್ತಿದರು.

ಅದಕ್ಕೂ ಮೊದಲು, 1873ರಲ್ಲಿ, ಹನ್ನೆರಡು ಜನ ಪ್ರತಿನಿಧಿಗಳು ಜಾಗ ನೋಡಿಕೊಂಡು ಬರಲು ಹೋಗಿದ್ದರು. ಕೆನಡಾ ಸರ್ಕಾರ ವಿಲಿಯಂ ಹೆಸ್ಪೆಲರ್ ಎಂಬ ಜರ್ಮನ್ ಮೂಲದ ಏಜೆಂಟನನ್ನು ಬಿಟ್ಟು ಇವರನ್ನು ಒಲಿಸುತ್ತಿತ್ತು. ಮ್ಯಾನಿಟೋಬದಲ್ಲಿ ಇವರನ್ನು ಮೊದಲು ಎದುರುಗೊಂಡದ್ದು ಸೊಳ್ಳೆ. ಜೌಗು, ಕೆಟ್ಟ ದಾರಿ, ಭೀಕರ ಚಳಿಯ ಸುದ್ದಿ. ಹನ್ನೆರಡರಲ್ಲಿ ಹೆಚ್ಚಿನವರು ಇದು ಬೇಡಪ್ಪ ಎಂದು ಅಮೆರಿಕದ ಕಡೆ ತಿರುಗಿದರು. ಕ್ಯಾನ್ಸಸ್, ನೆಬ್ರಾಸ್ಕ, ಡಕೋಟಾದಲ್ಲಿ ನೆಲೆಸಿದ ಹತ್ತು ಸಾವಿರಕ್ಕೂ ಹೆಚ್ಚು ಜನ ಆ ಕಡೆಯವರು. ಅಲ್ಲಿ ಹವೆ ಚೆನ್ನಾಗಿತ್ತು, ರೈಲು ಇತ್ತು. ಆದರೆ ಅಮೆರಿಕ ಸರ್ಕಾರ ಲಿಖಿತ ಭರವಸೆ ಕೊಡಲಿಲ್ಲ.

ಕೆನಡಾ ಕೊಟ್ಟಿತು. ಕಾಗದವೇ ಮುಖ್ಯ ಎಂದ ನಾಲ್ಕು ಜನ ಪ್ರತಿನಿಧಿಗಳು ರಾಜಧಾನಿ ಆಟವಾಕ್ಕೆ ಹೋದರು. 1873ರ ಜುಲೈನಲ್ಲಿ ಕೃಷಿ ಇಲಾಖೆಯ ಕಾರ್ಯದರ್ಶಿ ಜಾನ್ ಲೋ ಅವರಿಗೆ 15 ಅಂಶಗಳ ಪತ್ರ ಬರೆದುಕೊಟ್ಟ. ಸೈನ್ಯದಿಂದ ಪೂರ್ತಿ ವಿನಾಯಿತಿ. ಎಂಟು ಟೌನ್‌ಶಿಪ್ (ಒಂದೊಂದೂ ಆರು ಮೈಲಿಯ ಚೌಕ) ನೆಲ ಅವರಿಗೇ ಮೀಸಲು. 21 ತುಂಬಿದವರಿಗೆ 160 ಎಕರೆ. ಹ್ಯಾಂಬರ್ಗ್‌ನಿಂದ ಮ್ಯಾನಿಟೋಬದ ಫೋರ್ಟ್ ಗ್ಯಾರಿವರೆಗೆ ದೊಡ್ಡವರಿಗೆ 30 ಡಾಲರ್ ಪ್ರಯಾಣ ದರ. ಧರ್ಮಕ್ಕೂ ಮಕ್ಕಳ ಶಾಲೆಗೂ ಯಾರ ಅಡ್ಡಿ ಆತಂಕವೂ ಇಲ್ಲ.

ಪತ್ರ ಜೇಬಿನಲ್ಲಿಟ್ಟುಕೊಂಡು ಅವರು ರಷ್ಯಾಕ್ಕೆ ಹೊರಟರು. ಆಗಸ್ಟ್‌ನಲ್ಲಿ ಮಂತ್ರಿಮಂಡಲ ಅದನ್ನು ಅಧಿಕೃತ ಆದೇಶ ಮಾಡುವಾಗ ಶಾಲೆಯ ಅಂಶದಲ್ಲಿ ಪುಟ್ಟ ತಿದ್ದುಪಡಿ ಆಯಿತು. 'ಕಾನೂನು ಅವಕಾಶ ಕೊಟ್ಟಷ್ಟು' ಎಂಬ ಅರ್ಥದ ಮಾತು ಸೇರಿಕೊಂಡಿತು. ಕೆನಡಾದಲ್ಲಿ ಶಿಕ್ಷಣ ಪ್ರಾಂತ್ಯಗಳ ವಿಷಯ, ಕೇಂದ್ರ ಸರ್ಕಾರಕ್ಕೆ ಅದರಲ್ಲಿ ಮಾತು ಕೊಡುವ ಅಧಿಕಾರವೇ ಇರಲಿಲ್ಲ. ಇದನ್ನು ಮೆನೊನೈಟರಿಗೆ ಯಾರೂ ತಿಳಿಸಲಿಲ್ಲ.

ಯಾರ ನೆಲ?

ಖಾಲಿ ಬಿದ್ದಿದ್ದ ಹುಲ್ಲುಗಾವಲು ಎಂದು ಹಳೆಯ ಬರಹಗಳಲ್ಲಿ ಓದುತ್ತೇವೆ. ಖಾಲಿ ಏನೂ ಇರಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಮತ್ತು ಕ್ರೀ ಜನರ ಜೊತೆ ಸರ್ಕಾರ ಒಂದನೇ ಒಪ್ಪಂದ ಮಾಡಿಕೊಂಡದ್ದು 1871ರ ಆಗಸ್ಟ್‌ನಲ್ಲಿ, ಅಂದರೆ ಇವರು ಬರುವುದಕ್ಕೆ ಬರೀ ಮೂರು ವರ್ಷ ಮುಂಚೆ. ಮೂಲನಿವಾಸಿ ಮತ್ತು ಯುರೋಪಿಯನ್ ವಂಶಗಳು ಬೆರೆತು ಬೆಳೆದ ಮೆಟಿ ಜನ ರೆಡ್ ನದಿಯ ದಡದಲ್ಲಿ ಮೊದಲೇ ಇದ್ದರು. ಅವರ ಹೊಲಗಳು ನದಿಯಿಂದ ಹಿಂದಕ್ಕೆ ಚಾಚಿದ ಉದ್ದನೆಯ ಪಟ್ಟಿಗಳು. ಎಲ್ಲರಿಗೂ ನೀರು ಸಿಗಲಿ ಎಂಬ ಲೆಕ್ಕ.

1869ರ ಅಕ್ಟೋಬರ್‌ನಲ್ಲಿ ಸರ್ವೆಯವರು ಆ ಪಟ್ಟಿಗಳ ಮೇಲೆ ಚೌಕ ಎಳೆಯಲು ಬಂದಾಗ ಮೆಟಿ ನಾಯಕ ಲೂಯಿ ರಿಯೆಲ್ ಮತ್ತು ಅವನ ಸಂಗಡಿಗರು ತಡೆದು ನಿಲ್ಲಿಸಿದರು. ಮ್ಯಾನಿಟೋಬ ಪ್ರಾಂತ್ಯ ಹುಟ್ಟಿದ್ದೇ ಆ ಜಗಳದಿಂದ. 1870ರ ಕಾನೂನು ಮೆಟಿ ಮಕ್ಕಳಿಗೆ 14 ಲಕ್ಷ ಎಕರೆ ಕೊಡುತ್ತೇವೆ ಎಂದಿತು. ಹಂಚಿಕೆ ಮಾತ್ರ ವರ್ಷಗಟ್ಟಲೆ ಎಳೆಯಿತು. ಮೆನೊನೈಟರಿಗೆ ನೆಲ ಕೊಡಲು ಇಷ್ಟು ತಡವಾಗಲಿಲ್ಲ. ತಾವು ಬಂದು ಕೂತದ್ದು ಯಾರ ಜಾಗದಲ್ಲಿ ಎಂಬ ಪ್ರಶ್ನೆಯನ್ನು ಆ ಸಮುದಾಯ ತನಗೆ ತಾನೇ ಕೇಳಿಕೊಳ್ಳಲು ಶುರು ಮಾಡಿದ್ದು ತೀರ ಈಚೆಗೆ.

ಚೌಕದ ಸರ್ವೆ ಹೇಗಿತ್ತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಕ್ಕೆ ಟೌನ್‌ಶಿಪ್ ಎಂದು ಹೆಸರು. ಅದರೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್. ಒಂದು ಸೆಕ್ಷನ್ ಅಂದರೆ 640 ಎಕರೆ. ಅದನ್ನು ನಾಲ್ಕು ಮಾಡಿದರೆ 160. 1872ರ ಕಾನೂನಿನ ಪ್ರಕಾರ 10 ಡಾಲರ್ ಕಟ್ಟಿ, ಆ ಕಾಲು ಸೆಕ್ಷನ್ ಮೇಲೆ ಮೂರು ವರ್ಷ ವಾಸ ಮಾಡಿ, ಉತ್ತು ತೋರಿಸಿದರೆ ಪಟ್ಟಾ ನಿಮ್ಮದು.

ಮೊದಲ ಚಳಿಗಾಲ

1874ರ ಆಗಸ್ಟ್ 1ರಂದು 'ಇಂಟರ್‌ನ್ಯಾಷನಲ್' ಎಂಬ ಸ್ಟೀಮರ್ ರೆಡ್ ನದಿಗೆ ರ‍್ಯಾಟ್ ನದಿ ಸೇರುವ ಜಾಗದಲ್ಲಿ ಮೊದಲ ತಂಡವನ್ನು ಇಳಿಸಿತು. ಸುಮಾರು 65 ಕುಟುಂಬ. ಅವರ ಸಾಮಾನನ್ನು ಎತ್ತಿನ ಗಾಡಿಯಲ್ಲಿ ಒಳಗೆ ಸಾಗಿಸಿಕೊಟ್ಟವರಲ್ಲಿ ಮೆಟಿ ಗಾಡಿಕಾರರು ಇದ್ದರು. ಒಂಟೇರಿಯೋದ ಜೇಕಬ್ ಶಾಂಟ್ಸ್ ಎಂಬ ಮೆನೊನೈಟ್ ಹಿರಿಯ ಮರದ ಶೆಡ್ಡುಗಳನ್ನು ಮೊದಲೇ ಕಟ್ಟಿಸಿಟ್ಟಿದ್ದ.

ಈ ಒಂಟೇರಿಯೋ ಮೆನೊನೈಟರ ಬಗ್ಗೆ ಒಂದು ಮಾತು. ಅವರು ಸ್ವಿಸ್ ಮೂಲದವರು. ಅವರ ಜರ್ಮನ್ ಬೇರೆ, ಊಟ ಬೇರೆ, ರಷ್ಯಾದಿಂದ ಬಂದವರ ಮುಖವನ್ನೇ ಅವರು ಕಂಡಿರಲಿಲ್ಲ. ಆದರೂ ಸರ್ಕಾರ ಕೊಟ್ಟ ಒಂದು ಲಕ್ಷ ಡಾಲರಿಗೆ ಹತ್ತಿರದ ಸಾಲಕ್ಕೆ ತಮ್ಮ ಆಸ್ತಿಯ ಮೇಲೆ ಜಾಮೀನು ನಿಂತರು. 1892ರ ಹೊತ್ತಿಗೆ ಆ ಸಾಲ ತೀರಿತು. ಅಣ್ಣ ತಮ್ಮಂದಿರೇ ಜಾಮೀನಿಗೆ ಹಿಂದೆ ಮುಂದೆ ನೋಡುವ ಕಾಲದಲ್ಲಿ ಇದು ನನಗೆ ಈಗಲೂ ಆಶ್ಚರ್ಯ.

ಆಗಸ್ಟ್‌ನಲ್ಲಿ ಇಳಿದರೆ ಚಳಿಗೆ ಉಳಿದದ್ದು ಎರಡು ಮೂರು ತಿಂಗಳು. ಮೈನಸ್ 40 ಡಿಗ್ರಿವರೆಗೆ ಇಳಿಯುವ ಚಳಿ. ಮನೆ ಕಟ್ಟಲು ಸಮಯ ಇಲ್ಲ. ರಷ್ಯಾದ ಹುಲ್ಲುಗಾವಲಿನಲ್ಲಿ ಕಲಿತ ವಿದ್ಯೆ ನೆರವಿಗೆ ಬಂತು. ಎರಡು ಮೂರು ಅಡಿ ನೆಲ ಅಗೆದು, ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆ ಹಾಗೆ ಜೋಡಿಸಿ ಗೋಡೆ ಎಬ್ಬಿಸಿ, ಮೇಲೆ ಗಳ, ಹುಲ್ಲು, ಮತ್ತೆ ಮಣ್ಣು. ಇದಕ್ಕೆ ಸೆಮ್ಲಿನ್ ಎಂದರು, ರಷ್ಯನ್ ಮಾತು. ಒಂದು ಕಡೆ ಮನೆಮಂದಿ, ಇನ್ನೊಂದು ಕಡೆ ದನ. ದನದ ಮೈಯ ಬಿಸಿಯೇ ಅರ್ಧ ಒಲೆ.

ಮರದ ಮನೆ ಎದ್ದಾಗಲೂ ಈ ಬುದ್ಧಿಯನ್ನು ಬಿಡಲಿಲ್ಲ. ಮುಂದೆ ಮನೆ, ಹಿಂದೆ ಕೊಟ್ಟಿಗೆ, ನಡುವೆ ಬಾಗಿಲು. ಹಿಮಗಾಳಿ ಬೀಸುವಾಗ ಹೊರಗೆ ಕಾಲಿಡದೆ ಹಾಲು ಕರೆಯಬಹುದು. ಮನೆಯ ನಟ್ಟನಡುವೆ ದೊಡ್ಡ ಇಟ್ಟಿಗೆ ಒಲೆ. ಸುತ್ತಲಿನ ಕೋಣೆಗಳಿಗೆಲ್ಲ ಅದರ ಬೆನ್ನು ತಾಗುವ ಹಾಗೆ ಕಟ್ಟುತ್ತಿದ್ದರು. ಉರಿಸಲು ಸೌದೆ ಎಲ್ಲಿಂದ ತರುವುದು? ಹುಲ್ಲು ಉರಿಸಿದರು. ಸಗಣಿಯನ್ನು ಹುಲ್ಲಿನ ಜೊತೆ ತುಳಿದು, ಕತ್ತರಿಸಿ, ಒಣಗಿಸಿ ಉರಿಸಿದರು. ಹೌದು, ಬೆರಣಿಯೇ. ನಮ್ಮವರು ಗೋಡೆಗೆ ತಟ್ಟುತ್ತಾರೆ, ಅವರು ಇಟ್ಟಿಗೆಯ ಆಕಾರಕ್ಕೆ ಕೊಯ್ಯುತ್ತಿದ್ದರು. ಸಗಣಿ ಉರಿಸುವುದನ್ನು ಕಂಡು ಇಂಗ್ಲಿಷ್ ನೆರೆಯವರು ಮೂಗು ಮುರಿದರಂತೆ.

1875ರಲ್ಲಿ ಮಿಡತೆ ಬಂತು. ರಾಕಿ ಪರ್ವತದ ಮಿಡತೆಗಳ ಹಿಂಡು ಮೊದಲ ಬೆಳೆಯನ್ನು ಕಡ್ಡಿ ಬಿಡದೆ ತಿಂದು ಹೋಯಿತು. ಮರುವರ್ಷದ ಹಿಟ್ಟಿಗೂ ಬೀಜಕ್ಕೂ ಸಾಲವೇ ಗತಿ. ಮುಂದೆ ಆ ಮಿಡತೆಯ ಜಾತಿಯೇ ನಾಶವಾಯಿತು. ಕೊನೆಯ ಬಾರಿ ಜೀವಂತ ಸಿಕ್ಕಿದ್ದು 1902ರಲ್ಲಿ, ಅದೂ ಮ್ಯಾನಿಟೋಬದಲ್ಲೇ. ಯಾಕೆ ನಾಶವಾಯಿತು ಎಂಬುದು ಬೇರೆಯೇ ಲೇಖನ.

ಮೊದಲ ಮೀಸಲು ಪ್ರದೇಶ ರೆಡ್ ನದಿಯ ಪೂರ್ವಕ್ಕಿತ್ತು. ಈಗಿನ ಸ್ಟೈನ್‌ಬ್ಯಾಕ್ ಪಟ್ಟಣ ಅಲ್ಲೇ, 1874ರಲ್ಲಿ 18 ಕುಟುಂಬಗಳಿಂದ ಶುರುವಾದದ್ದು. ಮರ ಇತ್ತು, ಆದರೆ ಕಲ್ಲು, ಜೌಗು. 1875ರಲ್ಲಿ ಬಂದವರಿಗೆ ಅದು ಸಾಲಲಿಲ್ಲ. ಅವರು ಗಡಿಯ ಹತ್ತಿರದ ಡಫರಿನ್ ಕೋಟೆಯಲ್ಲಿ ಕೆಲವು ವಾರ ತಂಗಿ, ನದಿಯ ಪಶ್ಚಿಮದ ಬಟಾಬಯಲಿಗೆ ನಡೆದರು. ಆ ಕೋಟೆಯಲ್ಲೇ ಹಲವು ಮಕ್ಕಳನ್ನು ಮಣ್ಣು ಮಾಡಬೇಕಾಯಿತು. 1876ರಲ್ಲಿ ಸರ್ಕಾರ 17 ಟೌನ್‌ಶಿಪ್‌ಗಳ ಪಶ್ಚಿಮ ಮೀಸಲನ್ನು ಅಧಿಕೃತ ಮಾಡಿತು.

ಈ ಪಶ್ಚಿಮದ ಬಯಲನ್ನು ಇಂಗ್ಲಿಷ್ ರೈತರು ಬೇಡವೆಂದು ಬಿಟ್ಟಿದ್ದರು. ಮರವಿಲ್ಲ, ಹೊಳೆ ಇಲ್ಲ, ಇಲ್ಲಿ ಮನುಷ್ಯ ಬದುಕಲ್ಲ ಎಂದು. ಮೆನೊನೈಟರಿಗೆ ಅದು ಬಿಟ್ಟು ಬಂದ ಊರಿನ ಹಾಗೇ ಕಂಡಿತು. ಹಿಮ ಬಿದ್ದಾಗ ದಾರಿ ತಪ್ಪದಿರಲಿ ಎಂದು ಬಯಲಿನ ಉದ್ದಕ್ಕೂ ಕಂಬ ನೆಟ್ಟರು. ಪಶ್ಚಿಮ ಕೆನಡಾದ ತೆರೆದ ಬಯಲಿನಲ್ಲಿ ದೊಡ್ಡ ಪ್ರಮಾಣದಲ್ಲಿ ಬೇಸಾಯ ಮಾಡಿ ತೋರಿಸಿದವರಲ್ಲಿ ಇವರೇ ಮೊದಲಿಗರು. ಗೋಧಿ, ಓಟ್ಸ್, ಬಾರ್ಲಿ, ಜೊತೆಗೆ ಅಗಸೆ. ಮನೆಯ ಹಿತ್ತಿಲಲ್ಲಿ ಕಲ್ಲಂಗಡಿ, ಸೂರ್ಯಕಾಂತಿ. ಸಂಜೆ ಹೊತ್ತು ಕೂತು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುವ ಚಟ ರಷ್ಯಾದಿಂದ ಅವರ ಜೊತೆಗೇ ಬಂತು.

1877ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ಲಾರ್ಡ್ ಡಫರಿನ್ ಪೂರ್ವ ಮೀಸಲಿಗೆ ಬಂದ. ಈ ನಾಡಿನಲ್ಲಿ ಯುದ್ಧ ಇದೆ, ಆದರೆ ಅದು ಮನುಷ್ಯರ ಮೇಲಲ್ಲ, ಪ್ರಕೃತಿಯ ಮೇಲೆ ಎಂಬ ಅರ್ಥದ ಭಾಷಣ ಮಾಡಿದ. ಚಪ್ಪಾಳೆ ಬೀಳುವ ಮಾತು. ಏಳೇ ವರ್ಷದ ಹಿಂದೆ ಇದೇ ಸೀಮೆಗೆ ಮೆಟಿ ಜನರ ಮೇಲೆ ಪಡೆ ಕಳಿಸಿದ್ದರು ಎಂಬುದು ಭಾಷಣದಲ್ಲಿ ಬರಲಿಲ್ಲ, ಬರುವುದೂ ಇಲ್ಲ ಬಿಡಿ.

ಪಹಣಿಗೆ ಸಿಗದ ಊರು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಚೌಕದ ಮೇಲೆ ಉದ್ದದ ಊರು ಹೇಗೆ ಕೂತಿತು?

ಇಪ್ಪತ್ತು ಕುಟುಂಬ ಒಟ್ಟಾಗುತ್ತವೆ ಎಂದುಕೊಳ್ಳಿ. ಹೆಚ್ಚಾಗಿ ನೆಂಟರು, ಒಂದೇ ಚರ್ಚಿನವರು. ಒಬ್ಬೊಬ್ಬರೂ ಭೂಮಿ ಕಚೇರಿಗೆ ಹೋಗಿ ಅಕ್ಕಪಕ್ಕದ 160 ಎಕರೆಗಳನ್ನು ತಮ್ಮ ತಮ್ಮ ಹೆಸರಿಗೆ ಬರೆಸುತ್ತಾರೆ. ಒಟ್ಟು 3,200 ಎಕರೆ. ಮನೆಗೆ ಬಂದ ಮೇಲೆ ಆ ಗೆರೆಗಳನ್ನೆಲ್ಲ ಮರೆತುಬಿಡುತ್ತಾರೆ. 3,200 ಎಕರೆಯೂ ಊರಿನದು. ಒಂದು ಕಡೆ ಬೀದಿ, ಬೀದಿಯ ಪಕ್ಕ ಮನೆ, ಹಿತ್ತಿಲು. ಒಂದು ದೊಡ್ಡ ಭಾಗ ಎಲ್ಲರ ದನಕ್ಕೂ ಸೇರಿದ ಗೋಮಾಳ. ಉಳಿದದ್ದನ್ನು ಮಣ್ಣಿನ ಗುಣ ನೋಡಿ ಕೆಲವು ದೊಡ್ಡ ತುಂಡು ಮಾಡುತ್ತಾರೆ. ಒಂದು ಕಪ್ಪು ಮಣ್ಣು, ಒಂದು ನೀರು ನಿಲ್ಲುವ ತಗ್ಗು, ಒಂದು ದೂರದ್ದು. ಪ್ರತಿ ತುಂಡಿನಲ್ಲೂ ಪ್ರತಿ ಮನೆಗೆ ಒಂದೊಂದು ಉದ್ದನೆಯ ಪಟ್ಟಿ. ಒಳ್ಳೆಯ ಮಣ್ಣೂ ಎಲ್ಲರಿಗೆ, ಕೆಟ್ಟ ಮಣ್ಣೂ ಎಲ್ಲರಿಗೆ. ಆಲಿಕಲ್ಲು ಒಂದು ಮೂಲೆಗೆ ಬಿದ್ದರೂ ಒಬ್ಬನೇ ಮುಳುಗುವುದಿಲ್ಲ.

ಊರಿಗೊಬ್ಬ ಶುಲ್ಟ್, ಅಂದರೆ ನಮ್ಮ ಹಳೆಯ ಪಟೇಲನ ಹಾಗೆ, ಆದರೆ ಊರವರೇ ಆರಿಸಿದವನು. ಬೇಲಿ, ರಸ್ತೆ, ಶಾಲೆ ಮೇಷ್ಟರ ಸಂಬಳ, ದನ ಕಾಯುವವನ ಕೂಲಿ ಎಲ್ಲ ಸಭೆ ಸೇರಿ ತೀರ್ಮಾನಿಸುತ್ತಿದ್ದರು. ಬೆಳಿಗ್ಗೆ ದನ ಕಾಯುವವನು ಬೀದಿಯಲ್ಲಿ ಕೊಂಬು ಊದಿಕೊಂಡು ಹೋದರೆ ಒಂದೊಂದು ಕೊಟ್ಟಿಗೆಯಿಂದ ಹಸು ಹೊರಟು ಸಾಲು ಸೇರುತ್ತಿತ್ತು. ಮನೆ ಸುಟ್ಟರೆ ಎಲ್ಲರೂ ಪಾಲು ಹಾಕಿ ಕಟ್ಟಿಕೊಡುವ ಬೆಂಕಿ ವಿಮೆ ಇತ್ತು. ವಾಯ್ಸೆನ್‌ಆಮ್ಟ್ ಎಂಬ ಅನಾಥರ ಕಚೇರಿ ಇತ್ತು. ಅಪ್ಪನೋ ಅಮ್ಮನೋ ತೀರಿಕೊಂಡರೆ ಆಸ್ತಿಯ ಅರ್ಧ ಬದುಕುಳಿದವರಿಗೆ, ಉಳಿದರ್ಧ ಮಕ್ಕಳಿಗೆ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಸಮ ಪಾಲು. ಮಕ್ಕಳ ಪಾಲಿನ ಹಣವನ್ನು ಈ ಕಚೇರಿ ಇಟ್ಟುಕೊಂಡು, ಬೇಕಾದವರಿಗೆ ಬಡ್ಡಿಗೆ ಕೊಟ್ಟು, ಮಗು ದೊಡ್ಡದಾದ ಮೇಲೆ ಒಪ್ಪಿಸುತ್ತಿತ್ತು. ಬ್ಯಾಂಕಿಗೆ ಬ್ಯಾಂಕೂ ಆಯಿತು. ಹೆಣ್ಣುಮಕ್ಕಳಿಗೆ ಸಮ ಪಾಲು ಎಂಬುದು 1870ರ ದಶಕದ ಲೆಕ್ಕಕ್ಕೆ ಸಣ್ಣ ಮಾತಲ್ಲ. ಮದುವೆಯಾಗಿ ಬಂದ ಅಳಿಯನೂ ಹೆಂಡತಿಯ ಪಾಲಿನ ಹೊಲಕ್ಕಾಗಿ ಅವಳ ಊರಿನಲ್ಲೇ ನೆಲೆಸುವುದು ಅಲ್ಲಿ ಮಾಮೂಲು.

ಕಾನೂನಿನ ಒಂದು ತೊಡಕು ಉಳಿದಿತ್ತು. ತನ್ನ ಹೆಸರಿನ ಕಾಲು ಸೆಕ್ಷನ್ ಮೇಲೆಯೇ ವಾಸ ಇರಬೇಕಲ್ಲ? 1876ರಲ್ಲಿ ಸರ್ಕಾರ ಕಾನೂನು ತಿದ್ದಿ, ಹಳ್ಳಿಯಲ್ಲಿ ವಾಸವಿದ್ದರೂ ಸಾಕು ಎಂದಿತು. ಅಲ್ಲಿಗೆ ಊರು ಗಟ್ಟಿಯಾಯಿತು ಎಂದು ಎಲ್ಲರೂ ಅಂದುಕೊಂಡರು.

ಗಟ್ಟಿಯಾಗಿರಲಿಲ್ಲ. ರಷ್ಯಾದಲ್ಲಿ ಹೊಲ ಕಾಲೊನಿಯದು, ಒಬ್ಬನ ಸ್ವಂತದ್ದಲ್ಲ. ಹಳ್ಳಿಯ ಕಟ್ಟುಪಾಡಿನ ಹಿಂದೆ ದೊರೆಯ ಕಾನೂನು ಇತ್ತು. ಕೆನಡಾದಲ್ಲಿ ಸರ್ಕಾರ ಹಳ್ಳಿಯನ್ನು ಸಹಿಸಿತು, ಆದರೆ ಪಟ್ಟಾ ಕೊಟ್ಟದ್ದು ಒಬ್ಬೊಬ್ಬನ ಹೆಸರಿಗೆ. ಊರಿನ ಒಪ್ಪಂದಕ್ಕೆ ಕೋರ್ಟಿನಲ್ಲಿ ಬೆಲೆ ಇರಲಿಲ್ಲ. ಅದು ನಿಂತಿದ್ದದ್ದು ಮಾತಿನ ಮೇಲೆ, ಚರ್ಚಿನ ಭಯದ ಮೇಲೆ. ಊರಿನ ಬೀದಿಯೇ ಯಾರೋ ಒಬ್ಬನ 160 ಎಕರೆಯ ಒಳಗಿರುತ್ತಿತ್ತು. ಅವನು ಒಂದು ದಿನ 'ನನ್ನ ಚೌಕ ನನಗೆ ಕೊಡಿ' ಎಂದರೆ? ಹತ್ತು ಮನೆಯ ಪಟ್ಟಿ ಅವನ ಪಾಲಾಗುತ್ತದೆ. ಉಳಿದವರೂ ತಮ್ಮ ತಮ್ಮ ಚೌಕ ಹುಡುಕಿಕೊಂಡು ಹೋಗಬೇಕು.

1880ರ ದಶಕದಿಂದ ಒಬ್ಬೊಬ್ಬರೇ ಹಾಗೆ ಕೇಳತೊಡಗಿದರು. ಅವರನ್ನು ದುರಾಸೆಯವರು ಎಂದು ತಳ್ಳಿಹಾಕುವುದು ಸುಲಭ. ಆದರೆ ಕಾರಣಗಳು ಇದ್ದವು. ಪಟ್ಟಿ ಪಟ್ಟಿಯಾಗಿ ಹಂಚಿದ ಹೊಲಕ್ಕೆ ದೊಡ್ಡ ಯಂತ್ರ ಹೊಂದುವುದಿಲ್ಲ. ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಅರ್ಧ ದಿನ. ಪಕ್ಕದವನು ಕಳೆ ಕೀಳದಿದ್ದರೆ ಅದರ ಬೀಜ ನಿನ್ನ ಪಟ್ಟಿಗೆ. ಅಷ್ಟರಲ್ಲಿ ರೈಲು ಬಂತು, ಗೋಧಿಗೆ ಬೆಲೆ ಬಂತು. ರೈಲು ಹಳಿಯ ಪಕ್ಕ 1892ರಲ್ಲಿ ವಿಂಕ್ಲರ್, 1895ರಲ್ಲಿ ಆಲ್ಟೋನಾ ಎಂಬ ಹೊಸ ಪೇಟೆಗಳು ಹುಟ್ಟಿದವು.

ಮೂರು ಗುಂಪುಗಳು ಇದನ್ನು ಮೂರು ಥರ ತಡೆದುಕೊಂಡವು. ಗೆರ್ಹಾರ್ಡ್ ವೀಬೆ ಎಂಬ ಹಿರಿಯನ ಹಿಂದೆ ಇಡೀ ಕಾಲೊನಿಯನ್ನೇ ಖಾಲಿ ಮಾಡಿ ಬಂದಿದ್ದ ಬರ್ಗ್‌ತಾಲ್ ಜನ ಸ್ವಲ್ಪ ಸಡಿಲ. ಸ್ಟೈನ್‌ಬ್ಯಾಕ್ ಕಟ್ಟಿದ ಕ್ಲೈನೆ ಗೆಮೈಂಡೆ, ಅಂದರೆ 'ಚಿಕ್ಕ ಸಭೆ'ಯವರು, ನಡೆ ನುಡಿಯಲ್ಲಿ ಬಿಗಿ, ವ್ಯಾಪಾರದಲ್ಲಿ ಚುರುಕು. 1877ರಲ್ಲೇ ಅವರ ಊರಿನಲ್ಲಿ ಗಾಳಿಗಿರಣಿ ಎದ್ದಿತ್ತು. ಖೋರ್ತಿತ್ಸಾ ಕಡೆಯಿಂದ ಯೋಹಾನ್ ವೀಬೆಯ ಹಿಂದೆ ಬಂದ ಓಲ್ಡ್ ಕಾಲೊನಿಯವರು ಮಾತ್ರ ಹಳ್ಳಿ ಒಡೆಯುವುದೂ ಒಂದೇ, ಧರ್ಮ ಬಿಡುವುದೂ ಒಂದೇ ಎಂದು ನಿಂತರು. ಹಳ್ಳಿ ಬಿಟ್ಟು ತನ್ನ ಚೌಕಕ್ಕೆ ಹೋದವನಿಗೆ ಬಹಿಷ್ಕಾರ. ಬಹಿಷ್ಕಾರ ಹಾಕಿಸಿಕೊಂಡವನು ಪಕ್ಕದ ಬರ್ಗ್‌ತಾಲ್ ಚರ್ಚಿಗೆ ಸೇರಿಕೊಳ್ಳುತ್ತಿದ್ದ. ಎರಡು ಚರ್ಚುಗಳ ನಡುವೆ ಹಗೆ ಬೆಳೆಯಿತು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಬಹಳಷ್ಟು ಊರುಗಳು ಕರಗಿಹೋಗಿದ್ದವು. ಉಳಿದ ಕೆಲವಲ್ಲಿ ನೊಯ್‌ಬರ್ಗ್‌ತಾಲ್ ಒಂದು. 1876ರಲ್ಲಿ ಹುಟ್ಟಿದ ಆ ಬೀದಿ ಊರನ್ನು ಕೆನಡಾ ಈಗ ರಾಷ್ಟ್ರೀಯ ಸ್ಮಾರಕ ಎಂದು ಗುರುತಿಸಿದೆ. ನೆಲದ ಕಾನೂನು ಒಡೆಯಲು ಬಿಟ್ಟದ್ದನ್ನು ಸ್ಮಾರಕದ ಪಟ್ಟಿ ನೆನಪಿಟ್ಟುಕೊಂಡಿದೆ.

ಆ ಒಂದು ವಾಕ್ಯ

ನೆಲದ ಜಗ್ಗಾಟ ಹೀಗಿರುವಾಗ ಕಾಗದದ ಕಥೆ ತಿರುಗಿ ಬಂತು. 1916ರಲ್ಲಿ, ಮಹಾಯುದ್ಧದ ನಡುವೆ, ಮ್ಯಾನಿಟೋಬ ಸರ್ಕಾರ ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಎಂದಿತು, ಹಾಜರಾತಿ ಕಡ್ಡಾಯ ಮಾಡಿತು. ಜರ್ಮನ್‌ನಲ್ಲಿ ಬೈಬಲ್, ಮಗ್ಗಿ ಹೇಳಿಕೊಡುವ ಹಳ್ಳಿ ಶಾಲೆಗೆ ಲೆಕ್ಕವಿಲ್ಲ. ಮಕ್ಕಳನ್ನು ಕಳಿಸದ ಅಪ್ಪಂದಿರಿಗೆ ದಂಡ ಬಿತ್ತು, ಕೆಲವರು ಜೈಲಿಗೂ ಹೋದರು. ಹಿರಿಯರು 1873ರ ಪತ್ರ ಹಿಡಿದುಕೊಂಡು ಕೋರ್ಟಿಗೆ ಹೋದರು. ಶಾಲೆ ಪ್ರಾಂತ್ಯದ ವಿಷಯ, ಕೇಂದ್ರದ ಕಾರ್ಯದರ್ಶಿ ಬರೆದುಕೊಟ್ಟ ಪತ್ರ ಅದನ್ನು ಕಟ್ಟಿಹಾಕಲಾರದು ಎಂದಿತು ಕೋರ್ಟು. ಆದೇಶದಲ್ಲಿ ಸೇರಿಸಿದ್ದ ಆ ತಿದ್ದುಪಡಿ ಅವರಿಗೆ ಗೊತ್ತಾದದ್ದು ಇಷ್ಟೆಲ್ಲ ಆದ ಮೇಲೆ. ಸೈನ್ಯದ ವಿನಾಯಿತಿಯ ಮಾತನ್ನು ಕೆನಡಾ ಬಹುಮಟ್ಟಿಗೆ ಉಳಿಸಿಕೊಂಡಿತು ಎಂಬುದನ್ನೂ ಹೇಳಬೇಕು.

ಓಲ್ಡ್ ಕಾಲೊನಿಯವರು ಮತ್ತೆ ಪ್ರತಿನಿಧಿಗಳನ್ನು ಕಳಿಸಿದರು. 1921ರಲ್ಲಿ ಮೆಕ್ಸಿಕೋದ ಅಧ್ಯಕ್ಷ ಆಲ್ವಾರೊ ಒಬ್ರೆಗಾನ್ ಮತ್ತೊಂದು ಪ್ರಿವಿಲೇಗಿಯುಮ್‌ಗೆ ಸಹಿ ಹಾಕಿದ. 1922ರ ಮಾರ್ಚ್ 1ರಂದು ಪ್ಲಮ್ ಕೂಲೀ ಸ್ಟೇಷನ್ನಿನಿಂದ ಮೊದಲ ರೈಲು ಹೊರಟಿತು. ಎತ್ತು, ಕುದುರೆ, ನೇಗಿಲು, ಬೀಜ, ಕೋಳಿ ಎಲ್ಲ ಅದರಲ್ಲೇ.

ಚಿಹುವಾಹುವಾ ರಾಜ್ಯದಲ್ಲಿ ಅವರು ಜಮೀನ್ದಾರ ಕುಟುಂಬವೊಂದರಿಂದ ಒಟ್ಟಿಗೇ ಒಂದು ಲಕ್ಷ ಎಕರೆಗೂ ಹೆಚ್ಚು ನೆಲ ಕೊಂಡರು. ಮತ್ತೆ ಉದ್ದ ಬೀದಿ ಎಳೆದರು, ಗೋಮಾಳ ಬಿಟ್ಟರು, ಪಟ್ಟಿ ಹಂಚಿದರು. ಬಿಟ್ಟು ಬಂದ ಊರುಗಳ ಹೆಸರನ್ನೇ ಅನೇಕ ಊರುಗಳಿಗೆ ಇಟ್ಟರು. ಆದರೆ ಒಂದನ್ನು ಮಾತ್ರ ಮ್ಯಾನಿಟೋಬದ ಹಾಗೆ ಮಾಡಲಿಲ್ಲ. ಈ ಸಲ ಕ್ರಯಪತ್ರ ಆದದ್ದು ಸಮುದಾಯದ ಹೆಸರಿಗೆ. ಉಳುವವನಿಗೆ ಸಿಕ್ಕಿದ್ದು ಉಳುವ ಹಕ್ಕು ಮಾತ್ರ, ಪಟ್ಟಾ ಅಲ್ಲ.